ಬೂದಿಗುಡ್ಡದ ಒಳಗಿನ ಹಟ್ಟಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಬಳಿಯ ಕಣಿವೆಯಲ್ಲಿ, ರಸ್ತೆಯ ಮಗ್ಗುಲಿಗೇ ಒಂದು ದಿಬ್ಬವಿದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದು ಸುತ್ತಲಿನ ಗುಡ್ಡಗಳ ನಡುವೆ ಒಂದು ಮರಿಗುಡ್ಡ, ಅಷ್ಟೆ. ಹತ್ತಿರ ಹೋಗಿ ಮಳೆನೀರು ಕೊರೆದ ಕಡೆ ನೋಡಿದರೆ ಮಾತ್ರ ಅದರ ಗುಟ್ಟು ತಿಳಿಯುತ್ತದೆ. ಅಲ್ಲಿ ಕಾಣುವುದು ಬೂದಿ. ಕೆಲವೆಡೆ ಹಿಟ್ಟಿನಂತೆ ಮೆತ್ತಗಿದ್ದರೆ ಕೆಲವೆಡೆ ಕರಗಿ ಹೆಪ್ಪುಗಟ್ಟಿ, ಕಮ್ಮಾರನ ಕುಲುಮೆಯ ಕಿಟ್ಟದಂತೆ ರಂಧ್ರರಂಧ್ರವಾಗಿದೆ. ಇಷ್ಟು ಬೂದಿ ಎಲ್ಲಿಂದ ಬಂತು? ಯಾರು ಸುಟ್ಟರು? ಏನನ್ನು ಸುಟ್ಟರು?

ನಮ್ಮ ಜನ ಈ ಪ್ರಶ್ನೆಗೆ ಉತ್ತರವಿಲ್ಲದೆ ಎಂದೂ ಕುಳಿತವರಲ್ಲ. ಕುಡತಿನಿಯ ಬೂದಿ ಭೀಮನಿಂದ ಹತನಾದ ಹಿಡಿಂಬಾಸುರನದು. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವ ದಿಬ್ಬ ವಾಲಿಯ ಚಿತೆಯದು. ಕಿಷ್ಕಿಂಧೆಯ ಸೀಮೆಯಲ್ಲಿ ಬೂದಿಯ ರಾಶಿಯೊಂದು ಕಂಡರೆ ಅದು ವಾಲಿಯದಲ್ಲದೆ ಇನ್ನಾರದಾದೀತು! ಈ ಕಥೆಗಳನ್ನು ಕೇಳಿ ನಗುವವರು ಒಂದು ಮಾತನ್ನು ಗಮನಿಸಬೇಕು. ಇದು ಬೂದಿಯೆಂಬುದನ್ನೂ, ದೊಡ್ಡದೊಂದು ಬೆಂಕಿಯ ಶೇಷವೆಂಬುದನ್ನೂ, ತಮ್ಮ ಅಜ್ಜಮುತ್ತಜ್ಜಂದಿರ ಕಾಲಕ್ಕಿಂತ ಬಹಳ ಹಳೆಯದೆಂಬುದನ್ನೂ ಹಳ್ಳಿಯವರು ಸರಿಯಾಗಿಯೇ ತಿಳಿದಿದ್ದರು. ಊರುಗಳ ಹೆಸರೇ ಅದಕ್ಕೆ ಸಾಕ್ಷಿ: ಬೂದಿಗುಂಟ, ಬೂದಿಹಾಳ.

ವಿದ್ವಾಂಸರಿಗೆ ಇಷ್ಟನ್ನು ಒಪ್ಪುವುದಕ್ಕೇ ಬಹುಕಾಲ ಹಿಡಿಯಿತು. ಕ್ಯಾಪ್ಟನ್ ನ್ಯೂಬೋಲ್ಡ್ 1836ರಲ್ಲಿ ಇವುಗಳ ವಿಷಯ ಬರೆದಾಗ ಇದು ಜ್ವಾಲಾಮುಖಿಯ ಕಿಟ್ಟವಿರಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಮುಂದೆ ಕೆಲವರು ಕಬ್ಬಿಣ ಕರಗಿಸಿದ ಕುಲುಮೆಯ ಶೇಷವೆಂದರು. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್ 1899ರಲ್ಲಿ ಇವನ್ನು ಆ ಸಾಮ್ರಾಜ್ಯದ ಕಾಲದ ಚಿತೆಗಳಿಗೆ ಗಂಟುಹಾಕಿದರು. ಯಾರ ತಲೆಯಲ್ಲಿ ಏನು ತುಂಬಿತ್ತೋ ಅವರಿಗೆ ದಿಬ್ಬದಲ್ಲಿ ಅದೇ ಕಂಡಿತು. ವಾಲಿಯ ಚಿತೆಯೆಂದ ಹಳ್ಳಿಗನಿಗೂ ಅರಸರ ಚಿತೆಯೆಂದ ಸಾಹೇಬರಿಗೂ ನಡುವೆ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

ದಿಬ್ಬದ ಸುತ್ತ ಬಿದ್ದಿದ್ದುದನ್ನು ಕಣ್ಣಿಟ್ಟು ನೋಡಿದವರು ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್. ಅಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳಿದ್ದವು. ಹಾಗಾದರೆ ಇದು ಲೋಹವನ್ನರಿಯದ ಜನರ, ನೂತನ ಶಿಲಾಯುಗದ ಕೆಲಸ. ಸುಟ್ಟದ್ದು ದನದ ಸಗಣಿ ಎಂದೂ ಅವರು ಊಹಿಸಿದರು. ಆ ಊಹೆಗೆ ಬೆಲೆ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಸಗಣಿಯಂಥ ಸಾಮಾನ್ಯ ವಸ್ತುವಿನಿಂದ ಗುಡ್ಡವೇ ಆದೀತೆಂದು ನಂಬಲು ಪಂಡಿತರ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ.

ಇದನ್ನು ಅಗೆದು ತೋರಿಸಿದವರು ರೇಮಂಡ್ ಆಲ್ಚಿನ್. 1957ರಲ್ಲಿ ಅವರು ರಾಯಚೂರಿಗೆ ಉತ್ತರದಲ್ಲಿ, ಕೃಷ್ಣೆಯ ಆಚೆ, ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನ ದಿಬ್ಬವನ್ನು ಆರಿಸಿಕೊಂಡರು. ಬೂದಿಯನ್ನು ಪದರಪದರವಾಗಿ ಬಿಡಿಸಿದಾಗ ತಳದಲ್ಲಿ ಸಾಲಾಗಿ ಕಂಬ ನೆಟ್ಟ ಕುಳಿಗಳು ದೊರೆತವು. ತಾಳೆಮರದ ಬೊಡ್ಡೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟಿದ ಬೇಲಿ. ಅದರ ಹೊರಗೆ ಇನ್ನೊಂದು ಬೇಲಿ. ಒಳಬೇಲಿಯೊಳಗೆ ದನ, ಎರಡು ಬೇಲಿಗಳ ನಡುವೆ ಗುಡಿಸಲು ಹಾಕಿಕೊಂಡ ಮನುಷ್ಯರು. ಈ ದೊಡ್ಡಿ ಸುಟ್ಟಿದೆ, ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಬೂದಿ ಅಂಚಿನಲ್ಲಿ ಏರಿ ಏರಿ, ಕೊನೆಗೆ ನಡುವೆ ತಗ್ಗಾಗಿ ಸುತ್ತ ಒಡ್ಡಿನಂತೆ ನಿಂತಿತು. ಹೊಲದ ನಡುವಣ ಇಂಥ ಒಡ್ಡನ್ನು ಹಳೆಯ ಮಣ್ಣಿನ ಕೋಟೆಯೆಂದು ತಿಳಿದರೆ ಅದು ಯಾರ ತಪ್ಪೂ ಅಲ್ಲ.

ಉಟ್ನೂರಿನಲ್ಲಿ ಸಿಕ್ಕ ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದ ಸಂಗತಿ ಬೇರೊಂದು. ದೊಡ್ಡಿಯ ನೆಲದಲ್ಲಿ ದನದ ಗೊರಸಿನ ಗುರುತುಗಳು ಮೂಡಿ ಉಳಿದಿದ್ದವು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಲ್ಲಿ ಕೆಸರು ತುಳಿದ ದನಗಳವು. ಮೇಲೆ ಬಿದ್ದ ಬೂದಿ ಅವನ್ನು ಹಾಗೆಯೇ ಕಾಪಾಡಿತ್ತು.

ಇನ್ನು ಗಾಜಿನಂತೆ ಹೆಪ್ಪುಗಟ್ಟಿದ ಕಿಟ್ಟದ ಮಾತು. ಲಂಡನ್ನಿನ ಪ್ರೊಫೆಸರ್ ಝೊಯ್ನರ್ 1960ರ ಸುಮಾರಿಗೆ ಇದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹುಲ್ಲಿನ ಮೈಯಲ್ಲಿ ಮರಳಿನ ಜಾತಿಯ ಸಿಲಿಕಾ ಕಣಗಳಿರುತ್ತವೆ. ದನ ಹುಲ್ಲು ತಿಂದರೂ ಅವು ಜೀರ್ಣವಾಗದೆ ಸಗಣಿಗೆ ಬರುತ್ತವೆ. ಸಗಣಿಯ ದೊಡ್ಡ ರಾಶಿ ಒಳಗೊಳಗೇ ಬಹುಹೊತ್ತು ಉರಿದಾಗ, ಅದರಲ್ಲೇ ಇರುವ ಕ್ಷಾರದ ನೆರವಿನಿಂದ ಈ ಕಣಗಳು ಕರಗಿ ಗಾಜಾಗುತ್ತವೆ. ಜ್ವಾಲಾಮುಖಿಯೂ ಬೇಡ, ಕುಲುಮೆಯೂ ಬೇಡ. ಒಲೆಯ ಎರಡು ಕುಳ್ಳಿನಿಂದ ಇದಾಗದು. ಮನುಷ್ಯನನ್ನು ಮುಚ್ಚುವಷ್ಟು ರಾಶಿ ಬೇಕು.

ಏನೆಂಬ ಪ್ರಶ್ನೆ ಇಲ್ಲಿಗೆ ತೀರಿತು. ಏಕೆಂಬುದು ತೀರಲಿಲ್ಲ. ಸಗಣಿಯ ಬೆಲೆ ಬಲ್ಲ ನಮ್ಮ ರೈತನಿಗೆ ಈ ಜನರ ದುಂದು ಸೋಜಿಗವೆನಿಸುತ್ತದೆ. ಆದರೆ ಅವರ ಬೇಸಾಯ ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳ ಚಿಕ್ಕ ಬೇಸಾಯ. ಆಸ್ತಿಯೆಂದರೆ ದನ. ದೊಡ್ಡಿಯಲ್ಲಿ ಬೀಳುವಷ್ಟು ಸಗಣಿಯನ್ನು ಉಣ್ಣುವ ಹೊಲ ಅವರಿಗಿರಲಿಲ್ಲ. ಆಲ್ಚಿನ್ನರು ಈ ಬೆಂಕಿಯಲ್ಲಿ ಹಬ್ಬವನ್ನು ಕಂಡರು: ಮೇವು ಅರಸಿ ಹೊರಡುವಾಗಲೋ ಮರಳುವಾಗಲೋ ಹಚ್ಚಿದ ಬೆಂಕಿಯೆಂದು ಊಹಿಸಿ, ಇಂದಿನ ದನದ ಹಬ್ಬಗಳೊಂದಿಗೆ ಹೋಲಿಸಿದರು. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ಮೈಸೂರು ಸೀಮೆಯವರಿಗೆ ಈ ಮಾತು ತಟ್ಟನೆ ರುಚಿಸುತ್ತದೆ. ಆದರೆ ಬೂದಿಗುಡ್ಡಗಳಿರುವ ಬಳ್ಳಾರಿ ರಾಯಚೂರುಗಳಲ್ಲಿ ಎತ್ತಿನ ದೊಡ್ಡ ಹಬ್ಬ ಕಾರಹುಣ್ಣಿಮೆ, ಸಂಕ್ರಾಂತಿಯ ಕಿಚ್ಚಲ್ಲ. ನಾಲ್ಕು ಸಾವಿರ ವರ್ಷಗಳನ್ನು ಒಂದೇ ನೆಗೆತಕ್ಕೆ ದಾಟಲು ನಾನಂತೂ ಹಿಂಜರಿಯುತ್ತೇನೆ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನ ಚಿತ್ರವನ್ನೇ ಬದಲಿಸಿತು. ದೊಡ್ಡಿಯ ಪಕ್ಕದಲ್ಲೇ ವಾಸದ ನೆಲೆ, ಕಲ್ಲಿನ ಆಯುಧ ಮಾಡುವ ಜಾಗ, ದನವನ್ನು ಕೊಯ್ದು ಮಾಂಸ ಹಂಚಿಕೊಂಡ ನೆಲ, ಮಕ್ಕಳನ್ನು ಹೂಳಿದ ಮಡಕೆಗಳು, ಎಲ್ಲವೂ ದೊರೆತವು. ಹಾಗಾದರೆ ಇದು ಅಲೆಮಾರಿಗಳ ತಂಗುದಾಣವಲ್ಲ, ಊರು. ಸಗಣಿಯನ್ನು ದೊಡ್ಡಿಯಿಂದ ಬಳಿದು ಬದಿಗೆ ಒಟ್ಟಿ ಆಗಾಗ ಸುಟ್ಟಿದ್ದಾರೆ. ಹಬ್ಬಕ್ಕಿಂತ ಶುಚಿಯ ಮಾತು ಇಲ್ಲಿ ಮುಂದಾಗುತ್ತದೆ. 2004ರಲ್ಲಿ ಪೀಟರ್ ಜೊಹಾನ್ಸೆನ್ ಮತ್ತೆ ಆಚರಣೆಯ ಕಡೆಗೆ ವಾಲಿ, ಇವು ಬೇಕೆಂದೇ ಎತ್ತರಿಸಿದ ಸ್ಮಾರಕಗಳೆಂದು ವಾದಿಸಿದರು.

ದೊಡ್ಡಿಯೋ ಊರೋ ಎಂಬ ಈ ವಾದವನ್ನು ಓದುವಾಗ ನನಗೆ ನಮ್ಮ ಭಾಷೆಯ ಒಂದು ಶಬ್ದ ನೆನಪಾಗುತ್ತದೆ. ಕರಾವಳಿಯವರು ಹಟ್ಟಿ ಎಂದರೆ ದನದ ಕೊಟ್ಟಿಗೆ. ಬಯಲುಸೀಮೆಯಲ್ಲಿ ಹಟ್ಟಿ ಎಂದರೆ ಜನ ಬಾಳುವ ಊರು. ಗೊಲ್ಲರಹಟ್ಟಿ ಯಾರಿಗೆ ತಿಳಿಯದು? ದನ ಕಟ್ಟುವ ಜಾಗಕ್ಕೂ ಮನುಷ್ಯ ಬಾಳುವ ಜಾಗಕ್ಕೂ ಒಂದೇ ಹೆಸರು. ಈ ಶಬ್ದದಿಂದ ಶಿಲಾಯುಗದವರ ನುಡಿಯನ್ನು ಸಾಧಿಸಹೊರಟಿಲ್ಲ. ದನವೇ ಬದುಕಾದಲ್ಲಿ ಆ ಎರಡನ್ನು ಬೇರ್ಪಡಿಸುವ ಗೆರೆ ಬೇಕಾಗುವುದಿಲ್ಲವೆಂಬುದಷ್ಟೇ ನನ್ನ ಮಾತು. ಹಾಗೆಯೇ ಶುಚಿಗಾಗಿ ಹಚ್ಚಿದ ಬೆಂಕಿಗೆ ಕೈಮುಗಿಯಬಾರದೆಂಬ ನಿಯಮವೂ ಯಾವ ಹಟ್ಟಿಯಲ್ಲೂ ಇರಲಾರದು. ಕುಪ್ಪಗಲ್ಲಿನ ಬೂದಿದಿಬ್ಬದ ನೆರೆಯ ಗುಡ್ಡದಲ್ಲಿ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಅವುಗಳಲ್ಲಿ ತಿರುತಿರುಗಿ ಕಾಣುವುದು ಉದ್ದ ಕೊಂಬಿನ ಗೂಳಿಗಳು. ಸಗಣಿಯನ್ನು ಕಸವೆಂದು ಮಾತ್ರ ಕಂಡವರು ಅಷ್ಟು ಶ್ರಮಪಟ್ಟು ಗೂಳಿಯ ಚಿತ್ರ ಬಿಡಿಸುತ್ತಿದ್ದರೇ?

ಆ ಗುಡ್ಡದಲ್ಲಿ ಕಲ್ಲುಗಣಿ ನುಗ್ಗಿ ಕೆಲವು ಚಿತ್ರಗಳು ಹಾಳಾಗಿವೆ. ಕೃಷ್ಣಾ ತುಂಗಭದ್ರೆಗಳ ಸೀಮೆಯಲ್ಲಿ ಇಂಥ ದಿಬ್ಬಗಳು ನೂರಕ್ಕೂ ಮೇಲ್ಪಟ್ಟು ಗುರುತಾಗಿವೆಯಾದರೂ ಹಲವನ್ನು ಅಗೆದು ಬೂದಿಯನ್ನು ಹೊಲಕ್ಕೆ ಸಾಗಿಸಿದ್ದಾರೆ. ಅಂದಿನವರು ಸುಟ್ಟ ಸಗಣಿ ಇಷ್ಟು ತಡವಾಗಿ ಗೊಬ್ಬರವಾಗುತ್ತಿದೆ. ರೈತನನ್ನು ದೂರಲು ನನಗೆ ಬಾಯಿಲ್ಲ. ಅದರೊಳಗೆ ಬೇಲಿಯ ಕುಳಿಯಿದೆ, ಗೊರಸಿನ ಗುರುತಿದೆ, ಮಗುವಿನ ಮಡಕೆಯಿದೆ ಎಂದು ಅವನಿಗೆ ಹೇಳಿದವರಾರು? ಕಂಬ ನೆಟ್ಟ ಕುಳಿ ಎಂದರೆ ಮಣ್ಣಿನ ಬಣ್ಣದಲ್ಲಿ ಒಂದು ಅಂಗೈಯಗಲದ ವ್ಯತ್ಯಾಸ. ಗುದ್ದಲಿಯ ಒಂದು ಏಟಿಗೆ ಅದು ಹೋಗುತ್ತದೆ. ಮುಂದಿನ ಸಲ ಆ ಕಡೆ ಹೋದವರು, ಊರಿನ ಹೆಸರಲ್ಲಿ ಬೂದಿ ಎಂಬ ಮಾತಿದ್ದರೆ, ದಿಬ್ಬ ಎಲ್ಲಿದೆಯೆಂದು ಅಲ್ಲಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ.