ತಾಯಿ ಕಾರ್ಡು ಮತ್ತು ಹೆಂಗಸರ ಹೃದಯ

ಎದೆಯ ನಡುವೆ ಹಿಂಡುವ ನೋವು, ಅದು ಎಡಗೈಗೆ ಇಳಿಯುವುದು: ಹೃದಯಾಘಾತವೆಂದೊಡನೆ ಕಣ್ಣಮುಂದೆ ಬರುವ ಈ ಚಿತ್ರ ಮೂಡಿದ್ದು ಹೆಚ್ಚಾಗಿ ಗಂಡಸರ ಅಧ್ಯಯನಗಳಿಂದ. ಆಸ್ಪಿರಿನ್ ಹೃದಯಾಘಾತವನ್ನು ತಗ್ಗಿಸುತ್ತದೆಂದು 1989ರಲ್ಲಿ ತೋರಿಸಿದ ಅಮೆರಿಕದ ಪ್ರಯೋಗದಲ್ಲಿ 22,071 ವೈದ್ಯರಿದ್ದರು. ಅವರಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ. ಗಂಡಸಿನಷ್ಟೇ ರೋಗ ತನಗೂ ಇದೆಯೆಂದು ಸಾಬೀತಾದ ಮೇಲಷ್ಟೇ ಹೆಣ್ಣಿಗೆ ಸರಿಯಾದ ಚಿಕಿತ್ಸೆ ದೊರೆಯುತ್ತಿದೆಯೆಂದು ಹೃದ್ರೋಗತಜ್ಞೆ ಬರ್ನಡೀನ್ ಹೀಲಿ 1991ರಲ್ಲಿ ಬರೆದರು.

ಅಮೆರಿಕದ 11 ಲಕ್ಷಕ್ಕೂ ಹೆಚ್ಚು ಹೃದಯಾಘಾತದ ಪ್ರಕರಣಗಳನ್ನು ಪರಿಶೀಲಿಸಿದ 2012ರ ಅಧ್ಯಯನದಲ್ಲಿ, ಆಸ್ಪತ್ರೆಗೆ ಬಂದಾಗ ಹೆಂಗಸರಲ್ಲಿ ಶೇ. 42, ಗಂಡಸರಲ್ಲಿ ಸುಮಾರು ಶೇ. 31 ಮಂದಿಗೆ ಎದೆನೋವೇ ಇರಲಿಲ್ಲ. ಹೆಂಗಸರಿಗೆ ಎದೆನೋವು ಬರುವುದಿಲ್ಲವೆಂದು ಇದನ್ನು ಓದಬಾರದು. ಬಹುಪಾಲು ಹೆಂಗಸರಿಗೂ ಬರುತ್ತದೆ. ಆದರೆ ಅದರೊಡನೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ, ತಣ್ಣನೆ ಬೆವರು, ಏದುಸಿರು, ಹಿಂದೆಂದೂ ಇಲ್ಲದ ಸುಸ್ತು ಕಾಣಿಸುತ್ತವೆ. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಸಿದ್ಧ ಉತ್ತರ 'ಗ್ಯಾಸ್ಟ್ರಿಕ್'. ಒಂದು ಲೋಟ ಜೀರಿಗೆ ಕಷಾಯ ಕುಡಿದು, ಸೆರಗಿನಿಂದ ಬೆವರು ಒರೆಸಿಕೊಂಡು ಆಕೆ ಮತ್ತೆ ಒಲೆಯ ಮುಂದೆ ಕೂರುತ್ತಾಳೆ. ಎಲ್ಲರ ಊಟ ಮುಗಿಯುವ ತನಕ ಬಾಯಿ ಬಿಡುವುದಿಲ್ಲ.

ಅಪಾಯದ ಲೆಕ್ಕದಲ್ಲೂ ಇಂಥದೇ ಲೋಪವಿದೆ. ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಬಗ್ಗೆ ಎಲ್ಲರನ್ನೂ ಕೇಳುತ್ತೇವೆ. ಬೀಡಿ, ಸಿಗರೇಟಿನ ಪ್ರಶ್ನೆಗೆ ಹಳ್ಳಿಯ ಹೆಂಗಸು ಇಲ್ಲವೆನ್ನುತ್ತಾಳೆ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ, ಸೌದೆ ಒಲೆಯ ಹೊಗೆ ಲೆಕ್ಕಕ್ಕೆ ಬರುವುದೇ ಇಲ್ಲ. ಇದೆಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಬಸಿರಿನ ಚರಿತ್ರೆ. ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗದ ಸಾಧ್ಯತೆ ಸುಮಾರು ಎರಡು ಪಟ್ಟು. ಬಸಿರಿನಲ್ಲಿ ಕಂಡ ಸಕ್ಕರೆ ಕಾಯಿಲೆ, 40ಕ್ಕೆ ಮೊದಲೇ ನಿಂತ ಮುಟ್ಟು ಕೂಡ ಅಪಾಯವನ್ನು ಹೆಚ್ಚಿಸುತ್ತವೆ. ಕರ್ನಾಟಕದಲ್ಲಿ ಬಸಿರಿಯ ಬಿಪಿಯನ್ನು ತಪಾಸಣೆಯ ಹೊತ್ತಿಗೆ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಮಗುವಿನ ಚುಚ್ಚುಮದ್ದುಗಳು ಮುಗಿದ ಮೇಲೆ ಆ ಕಾರ್ಡು ಟ್ರಂಕಿನ ತಳ ಸೇರುತ್ತದೆ. ಇಪ್ಪತ್ತು ವರ್ಷಗಳ ನಂತರ ಬೆನ್ನುನೋವೆಂದು ಬಂದವಳ ಚೀಟಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ತಾಯಿಯಾಗಿ ಅವಳ ಮೇಲಿಟ್ಟ ನಿಗಾ ಹೆರಿಗೆಯೊಂದಿಗೆ ಮುಗಿಯುವುದು ನಮ್ಮ ಆರೋಗ್ಯ ವ್ಯವಸ್ಥೆಯ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರ ನೇತೃತ್ವದಲ್ಲಿ ನಡೆದು 2008ರಲ್ಲಿ ಪ್ರಕಟವಾದ 'ಕ್ರಿಯೇಟ್' ಅಧ್ಯಯನದ ಪ್ರಕಾರ, ಭಾರತದ ಹೃದಯಾಘಾತದ ರೋಗಿಗಳು ಆಸ್ಪತ್ರೆ ತಲುಪಲು ತೆಗೆದುಕೊಂಡ ಮಧ್ಯಾಂಕ ಸಮಯ 360 ನಿಮಿಷ. ಸಾಯುತ್ತಿರುವ ಹೃದಯ ಸ್ನಾಯುವಿಗೆ ಆರು ಗಂಟೆ ಬಹಳ ದೀರ್ಘ. ಆಸ್ಪತ್ರೆಯಲ್ಲಾದರೂ ಇನ್ನಷ್ಟು ತಡವಾಗಬಾರದು: ಮೊದಲ ಇಸಿಜಿ ಸರಿಯಿದ್ದರೂ ಅನುಮಾನವಿದ್ದರೆ ಮತ್ತೆ ತೆಗೆಯಬೇಕು, ಹೃದಯ ಸ್ನಾಯುವಿನ ಹಾನಿಯನ್ನು ತೋರುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಗಳ ವೈದ್ಯರಲ್ಲಿ ನನ್ನ ವಿನಂತಿ: ಗ್ಯಾಸ್ಟ್ರಿಕ್ ಎಂದು ಬಂದ ಮಧ್ಯವಯಸ್ಸಿನ ಹೆಂಗಸಿಗೆ ಮಾತ್ರೆ ಬರೆಯುವ ಮೊದಲು ಇಸಿಜಿ ತೆಗೆಸಿ, ಬಸಿರಿನಲ್ಲಿ ಬಿಪಿ ಏರಿತ್ತೇ ಎಂದು ಕೇಳಿ.