ಹೇಸರಗತ್ತೆಗಳ ದಾರಿಯಲ್ಲಿ ಸೈಕಲ್ ಸವಾರಿ

ಅಮೆರಿಕದ ವಾಷಿಂಗ್ಟನ್‌ನಿಂದ ಕಂಬರ್ಲೆಂಡ್‌ವರೆಗೆ ಪೊಟೊಮ್ಯಾಕ್ ನದಿಯ ಮಗ್ಗುಲಲ್ಲೇ ಸಾಗುವ 184.5 ಮೈಲಿಯ ಮಣ್ಣು-ಜಲ್ಲಿ ದಾರಿಯಲ್ಲಿ ಕಾರುಗಳ ಕಾಟವಿಲ್ಲ, ಸೈಕಲ್ಲುಗಳದ್ದೇ ದರ್ಬಾರು. ಇದನ್ನು ಮಾಡಿದ್ದು ಮಾತ್ರ ಹೇಸರಗತ್ತೆಗಳಿಗಾಗಿ.

ಈ ದಾರಿಗೆ ಒತ್ತಿಕೊಂಡೇ ಇರುವ ಚೆಸಪೀಕ್-ಒಹಾಯೊ ಕಾಲುವೆಯ ಅಗೆತ ಶುರುವಾದದ್ದು 1828ರ ಜುಲೈ 4ರಂದು. ಗ್ರಹಚಾರ ನೋಡಿ, ಎದುರಾಳಿ ಬಾಲ್ಟಿಮೋರ್-ಒಹಾಯೊ ರೈಲುಮಾರ್ಗಕ್ಕೂ ಅದೇ ದಿನ ಗುದ್ದಲಿಪೂಜೆ! ರೈಲು 1842ರಲ್ಲೇ ಕಂಬರ್ಲೆಂಡ್ ಮುಟ್ಟಿತು. ಕಾಲುವೆ 1850ರಲ್ಲಿ ಏದುಸಿರು ಬಿಡುತ್ತ ಅಲ್ಲಿಗೆ ಬಂದು ನಿಂತೇಬಿಟ್ಟಿತು. ತಲುಪಬೇಕಿದ್ದ ಒಹಾಯೊ ನದಿ ಹೆಸರಿನಲ್ಲಷ್ಟೇ ಉಳಿಯಿತು.

ಆದರೂ ಕಲ್ಲಿದ್ದಲಿನ ದೋಣಿಗಳು ಓಡಿದವು. ದಂಡೆಯ ಈ ದಾರಿಯ ಮೇಲೆ ಹೇಸರಗತ್ತೆಗಳು ದೋಣಿಗೆ ಕಟ್ಟಿದ ಉದ್ದನೆಯ ಹಗ್ಗ ಎಳೆಯುತ್ತಿದ್ದರೆ, ಪಾಳಿ ಮುಗಿಸಿದವು ದೋಣಿಯ ಮುಂಭಾಗದ ಲಾಯದಲ್ಲಿ ಮೇವು ಮೆಲ್ಲುತ್ತ ಪಯಣಿಸುತ್ತಿದ್ದವು. ಆ ಹಗ್ಗಗಳು ಉಜ್ಜಿ ಉಜ್ಜಿ ಕೊರೆದ ಗೀರುಗಳು ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳ ಕಲ್ಲಿನ ಅಂಚಿನಲ್ಲಿ ಈಗಲೂ ಬೆರಳಿಗೆ ಸಿಗುತ್ತವೆ. 3,118 ಅಡಿ ಉದ್ದದ ಪಾ ಪಾ ಸುರಂಗದಲ್ಲಂತೂ ದಾರಿ ಎಷ್ಟು ಕಿರಿದೆಂದರೆ, ಸವಾರರು ಇಳಿದು ಸೈಕಲ್ ತಳ್ಳಬೇಕು.

1924ರ ಪ್ರವಾಹ ದೋಣಿ ವ್ಯಾಪಾರಕ್ಕೆ ಮಂಗಳ ಹಾಡಿತು. ಪಾಳುಬಿದ್ದ ಕಾಲುವೆಯುದ್ದಕ್ಕೂ ಮೋಟಾರು ರಸ್ತೆ ಮಾಡುವ ಯೋಜನೆಗೆ 1954ರಲ್ಲಿ ವಾಷಿಂಗ್ಟನ್ ಪೋಸ್ಟ್ ದನಿಗೂಡಿಸಿದಾಗ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಸಂಪಾದಕರನ್ನೇ ಈ ದಾರಿಯುದ್ದಕ್ಕೂ ಜೊತೆಗೆ ನಡೆಯಲು ಕರೆದರು. ಕೊನೆಯವರೆಗೆ ನಡೆದವರು ಒಂಬತ್ತೇ ಮಂದಿ, ಆದರೆ ಪತ್ರಿಕೆಯ ನಿಲುವು ಬದಲಾಯಿತು. 1971ರಲ್ಲಿ ಕಾಲುವೆ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಹಳೆಯ ರೈಲುಹಾದಿಗಳ ಮೇಲೆ ಮಾಡಿದ ಗ್ರೇಟ್ ಅಲಿಗೇನಿ ಪ್ಯಾಸೇಜ್ ಎಂಬ ಸೈಕಲ್ ದಾರಿ ಈಗ ಕಂಬರ್ಲೆಂಡ್‌ನಲ್ಲಿ ಕಾಲುವೆಯ ದಾರಿಯನ್ನು ಕೂಡಿಕೊಂಡು, ಸವಾರರನ್ನು ಪಿಟ್ಸ್‌ಬರ್ಗ್‌ವರೆಗೂ ಒಯ್ಯುತ್ತದೆ.