ಚೆಕ್ ಉಚ್ಚಾರಣೆ ಮತ್ತು ಯಾದಗಿರಿ ಸೀಮೆಯ ನಾಲಗೆ: ಒಂದು ಟಿಪ್ಪಣಿ

1927ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಕಮಿಲ್ ಜ಼್ವೆಲೆಬಿಲ್ ದ್ರಾವಿಡ ಭಾಷೆಗಳ ಧ್ವನಿಗಳನ್ನು ಹೋಲಿಸಿ ಬರೆದ ಗ್ರಂಥ 1970ರಲ್ಲಿ ಹೊರಬಂತು. ನೀಲಗಿರಿಯ ಇರುಳ, ಜೇನುಕುರುಬ ನುಡಿಗಳ ಮೇಲೂ ಅವರು ಕೆಲಸ ಮಾಡಿದರು. ಚೆಕ್ ಕಿವಿ ನಮ್ಮ ಕಡೆಯ ಧ್ವನಿಗಳನ್ನು ಆಲಿಸಿದ್ದಕ್ಕೆ ಹೀಗೆ ದಾಖಲೆ ಉಂಟು. ಇಲ್ಲಿನ ಪ್ರಶ್ನೆ ಅದರ ಮರುಮುಖ: ಮುದನಾಳ, ಶಹಾಪುರ, ಸುರಪುರದ ಕಡೆಯವರು ಚೆಕ್ ಮಾತಾಡಲು ಕೂತರೆ ಯಾವ ಧ್ವನಿ ಸಲೀಸು, ಯಾವುದು ತೊಡಕು? ಕನ್ನಡವೊಂದನ್ನೇ ಲೆಕ್ಕಕ್ಕೆ ಹಿಡಿದರೆ ತೊಡಕು ಹಲವು. ಈ ಸೀಮೆಯ ದಖನಿ ಉರ್ದು ಮತ್ತು ತೆಲುಗನ್ನೂ ಸೇರಿಸಿಕೊಂಡರೆ ಅವುಗಳಲ್ಲಿ ಬಹುಪಾಲು ಕಳಚಿ ಬೀಳುತ್ತವೆ ಎಂಬುದು ನನ್ನ ವಾದ.

ಚೆಕ್ ಹೆಸರುಗಳು ನಮಗೆ ತಲುಪಿದ್ದು ಇಂಗ್ಲಿಷಿನ ದಾರಿಯಲ್ಲಿ, ಹಾಗಾಗಿ ಕೆಟ್ಟೇ ತಲುಪಿವೆ. ಜ಼್ಲೀನ್ ಊರಿನಲ್ಲಿ 1894ರಲ್ಲಿ ಆರಂಭವಾದ ಪಾದರಕ್ಷೆ ಕಂಪನಿ ನಮಗೆ ‘ಬಾಟಾ’. ಚೆಕ್ಕರ ಬಾಯಲ್ಲಿ ಅದರ ಮೊದಲ ಸ್ವರ ಹ್ರಸ್ವ. ನಡುವಿನದು ಟಕಾರವಲ್ಲ, ನಾಲಗೆಯ ನಡುಭಾಗ ಅಂಗಳಕ್ಕೆ ತಾಗಿ ಹುಟ್ಟುವ ತಾಲವ್ಯ. ‘ಬತ್ಯ’ ಎಂದು ಬರೆದರೆ ಹತ್ತಿರ ಬರುತ್ತದೆ, ಆದರೆ ತ ಮತ್ತು ಯ ಬೇರೆ ಬೇರೆಯಾಗಿ ಕೇಳಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಬೈಕಿನ ಕಥೆಯೂ ಇಷ್ಟೇ. ಯನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದ ಆ ಪದ ಚೆಕ್ಕಿನಲ್ಲಿ ‘ಯವ’. ಸುರಪುರವನ್ನು ಬ್ರಿಟಿಷರ ಕಾಗದಪತ್ರಗಳು ‘ಶೋರಾಪುರ’ ಮಾಡಿಟ್ಟದ್ದನ್ನು ಬಲ್ಲವರಿಗೆ ಇದೇನೂ ಹೊಸದಲ್ಲ.

ಕನ್ನಡಿಗರಿಗೆ ಬಿಟ್ಟಿಯಾಗಿ ದಕ್ಕುವುದು ಬಹಳವಿದೆ. ಚೆಕ್ಕಿನಲ್ಲಿ ಮಹಾಪ್ರಾಣವಿಲ್ಲ, ಕ, ತ, ಪ ನಮ್ಮಲ್ಲಿರುವಂತೆಯೇ ಉಸಿರು ಚೆಲ್ಲದೆ ಬರುತ್ತವೆ. ಅವರ ಹಕಾರ ನಮ್ಮದರಂತೆ ನಾದವುಳ್ಳದ್ದು. ಹ್ರಸ್ವ–ದೀರ್ಘದ ಭೇದ ಅಲ್ಲಿಯೂ ಅರ್ಥವನ್ನೇ ಬದಲಿಸುತ್ತದೆ. ಒತ್ತು ಸದಾ ಮೊದಲ ಉಚ್ಚಾರಾಂಶದ ಮೇಲೆ, ದೀರ್ಘ ಎಲ್ಲಿ ಬೇಕಾದರೂ ಇರಬಹುದು. ಸಂಗೀತಕಾರ ಯನಾಚೆಕ್ ಹೆಸರಿನಲ್ಲಿ ಒತ್ತು ‘ಯ’ದ ಮೇಲೆ, ದೀರ್ಘ ‘ನಾ’ದಲ್ಲಿ. ಇಂಗ್ಲಿಷ್ ಬಲ್ಲವರು ಎಡವುವ ಈ ಜಾಗವನ್ನು ಲಘು–ಗುರು ಎಣಿಸಿ ಬಲ್ಲವರು ಸುಲಭವಾಗಿ ದಾಟುತ್ತಾರೆ.

ಇನ್ನು ನೆರೆಭಾಷೆಗಳ ಪಾಲು. ಚೆಕ್ಕಿನಲ್ಲಿ ‘ಸಿ’ ಅಕ್ಷರದ ಉಚ್ಚಾರ ‘ತ್ಸ’. ಗುರುಮಠಕಲ್ ಕಡೆ ತೆಲುಗರು ಸಾಕು ಎನ್ನಲು ‘ತ್ಸಾಲು’ ಎನ್ನುವಾಗ ಕೇಳುವುದು ಅದೇ ಧ್ವನಿ. ‘ಸಿ’, ‘ಎಚ್’ ಕೂಡಿದರೆ ಗಂಟಲ ಬಳಿ ಉಜ್ಜಿ ಬರುವ ‘ಖ಼’. ಇದನ್ನು ನಮ್ಮ ಖಕಾರವೆಂದು ಓದಿದರೆ ಕೆಟ್ಟಿತು. ಆದರೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನಾಡಿನಲ್ಲಿ ಖ಼ಕಾರದ ಉಚ್ಚಾರವನ್ನು ಹೇಳಿಕೊಡಲು ಯಾರನ್ನೂ ದೂರದಿಂದ ಕರೆಸಬೇಕಿಲ್ಲ. ದಖನಿ ಮಾತಾಡುವವರು ಉರ್ದುವಿನ ‘ಕಾಫ಼್’ ಅಕ್ಷರವನ್ನೂ ಖ಼ ಎಂದೇ ನುಡಿಯುತ್ತಾರೆ. ಗೋರಿ ಎಂಬರ್ಥದ ‘ಕಬರ್’, ಸುದ್ದಿ ಎಂಬರ್ಥದ ‘ಖ಼ಬರ್’ ಎರಡೂ ಅವರ ಬಾಯಲ್ಲಿ ಒಂದಾಗಿ, ನಗೆಗೂ ಒಂದು ನೆಪವಾಗುತ್ತದೆ.

ಚೆಕ್ ಊರುಗಳ ಬೀದಿಬೀದಿಯಲ್ಲೂ ಕಾಣುವ ಅಂಗಡಿ ಬೋರ್ಡೊಂದನ್ನು ನೋಡೋಣ. ಬರಹದಲ್ಲಿರುವುದು ‘ಒಬ್‌ಖ಼ೊದ್’, ನುಡಿಯುವುದು ‘ಒಪ್‌ಖ಼ೊತ್’. ಪದದ ಕೊನೆಯ ದಕಾರ ನಾದ ಕಳೆದುಕೊಂಡು ತಕಾರವಾಗಿದೆ. ಮುಂದಿನ ಖ಼ಕಾರದ ಸಂಗದಿಂದ ಬಕಾರ ಪಕಾರವಾಗಿದೆ. ‘ಯಾರು’ ಎಂಬ ಪದದಲ್ಲಿ ನಡೆಯುವುದು ಉಲ್ಟಾ: ಬರಹ ‘ಕ್ದೊ’, ಮಾತು ‘ಗ್ದೊ’. ದಿಕ್ + ಗಜ = ದಿಗ್ಗಜ ಎಂದು ಜಶ್ತ್ವ ಸಂಧಿ ಕಲಿತ ಹೈಸ್ಕೂಲು ಹುಡುಗನಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ಕೊನೆಯ ವ್ಯಂಜನಕ್ಕೆ ಉಕಾರ ಅಂಟಿಸುವ ನಮ್ಮ ರೂಢಿಯನ್ನು ಮಾತ್ರ ಬಿಗಿಹಿಡಿಯಬೇಕು. ಮನೆಯನ್ನು ‘ಮನಿ’ ಎನ್ನುವ ಉತ್ತರ ಕರ್ನಾಟಕದವರು ಪದಾಂತ್ಯದ ಎಕಾರದ ಮೇಲೂ ಕಣ್ಣಿಡಬೇಕು; ಚೆಕ್ಕಿನಲ್ಲಿ ಅದು ಇಕಾರವಾದರೆ ವಿಭಕ್ತಿಯೇ ಬದಲಾದೀತು.

ಸ್ವರವಿಲ್ಲದ ಪದಗಳ ಬಗ್ಗೆ ಹುಟ್ಟಿರುವ ಭಯ ಅತಿಯಾದದ್ದು. ಕುತ್ತಿಗೆಗೆ ಚೆಕ್ಕಿನಲ್ಲಿ ಕ, ರ, ಕ ಎಂಬ ಮೂರೇ ವ್ಯಂಜನ. ಅಲ್ಲಿ ರೇಫವೇ ಸ್ವರದ ಕೆಲಸ ಮಾಡುತ್ತದೆ. ಸಂಸ್ಕೃತದ ಋಕಾರದ ಮೂಲಸ್ವಭಾವವೂ ಅದೇ. ಬ್ರ್ನೊ ನಗರವನ್ನು ‘ಬೃನೊ’ ಎಂದು ಬರೆದರೆ ಶಾಸ್ತ್ರಕ್ಕೆ ಸರಿ, ಆದರೆ ನಾವು ಋವನ್ನು ‘ರು’ ಎಂದೇ ಓದುವುದರಿಂದ ಫಲವಿಲ್ಲ.

ಉಳಿಯುವ ತೊಡಕು ಎರಡು. ಒಂದು, ಶಕಾರಕ್ಕೆ ನಾದ ಕೊಟ್ಟರೆ ಬರುವ ಧ್ವನಿ, ಅಭ್ಯಾಸದಿಂದ ಸಾಧ್ಯ. ಇನ್ನೊಂದು, ಕೊಕ್ಕೆ ಹೊತ್ತ ರೇಫ. ಸಂಗೀತಕಾರ ದ್ವೊರ್ಝಾಕ್ ಹೆಸರಿನ ನಡುವೆ ಇರುವುದು ಅದು. ಹಾಗೆ ಬರೆದಾಗ ಎರಡು ಧ್ವನಿ ಒಂದರ ಹಿಂದೊಂದು ಬಂದಂತೆ ಕಾಣುತ್ತದೆ, ಆದರೆ ಅಲ್ಲಿರುವುದು ಒಂದೇ. ನಾಲಗೆಯ ತುದಿ ರಕಾರಕ್ಕೆ ಕಂಪಿಸುತ್ತಿರುವಾಗಲೇ ಸಂದು ಕಿರಿದಾಗಿ ಗಾಳಿ ಉಜ್ಜಬೇಕು. ಚೆಕ್ ಮಕ್ಕಳಿಗೂ ಇದು ಕೊನೆಗೆ ಕೈಗೂಡುವ ಧ್ವನಿಗಳಲ್ಲೊಂದು. ಹಳಗನ್ನಡದ ರಳ (ೞ) ಇದಕ್ಕೆ ಸಮ ಎಂದುಕೊಳ್ಳುವ ಆಸೆಯಾಗಬಹುದು. ರಳದಲ್ಲಿ ಕಂಪನವೇ ಇಲ್ಲ, ಆದ್ದರಿಂದ ಒಪ್ಪಲಾಗದು. ಶಕಟರೇಫದಲ್ಲಿ (ಱ) ಕಂಪನವಿದೆ, ಉಜ್ಜುವಿಕೆ ಇಲ್ಲ. 15ನೇ ಶತಮಾನದ ಆರಂಭದಲ್ಲಿ ಯಾನ್ ಹುಸ್ ಹೆಸರಿಗೆ ಸಲ್ಲುವ ಕಾಗುಣಿತ ಗ್ರಂಥ, ಲ್ಯಾಟಿನ್ ಅಕ್ಷರದ ತಲೆಯ ಮೇಲೊಂದು ಚುಕ್ಕೆ ಇಟ್ಟು ಇಂಥ ಧ್ವನಿಗಳಿಗೆ ದಾರಿ ಮಾಡಿತು. ಆ ಚುಕ್ಕೆಯೇ ಮುಂದೆ ಕೊಕ್ಕೆಯಾಯಿತು. ಜ಼, ಫ಼ಗಳಿಗೆ ಅಡಿಚುಕ್ಕೆ ಇಡಲು ಒಪ್ಪಿದ ನಾವು ಕೆಲಸವಿಲ್ಲದೆ ಕೂತಿರುವ ಶಕಟರೇಫದ ಕೆಳಗೂ ಒಂದನ್ನು ಇಟ್ಟು ಈ ಧ್ವನಿಗೆ ಬಳಸಬಹುದು.